ಘಟ್ಟದ ಮೇಲೆ ರಾತ್ರಿಯೂಟ: ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಎಲ್ಲಿ, ಏನು, ಹೇಗೆ?

ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ, ಅಂಕೋಲೆಯಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರಕ್ಕೆ, ಜೋಗ ನೋಡಿಕೊಂಡು ಸಿದ್ದಾಪುರಕ್ಕೆ ಬರುವವರು ಊರು ಮುಟ್ಟುವಷ್ಟರಲ್ಲಿ ಬಹುಮಟ್ಟಿಗೆ ಕತ್ತಲಾಗಿರುತ್ತದೆ. ಮಲೆನಾಡಿನ ಅಡುಗೆಯ ಹೆಸರು ಕೇಳಿ ಬಂದವರಿಗೆ ಪೇಟೆಯ ಹೋಟೆಲಿನ ರಾತ್ರಿ ಪಟ್ಟಿಯಲ್ಲಿ ತಂಬುಳಿಯೂ ಇಲ್ಲ, ಅಪ್ಪೆಹುಳಿಯೂ ಇಲ್ಲ. ಇರುವುದು ಗೋಬಿ ಮಂಚೂರಿ, ಪನೀರ್, ಫ್ರೈಡ್ ರೈಸ್. ಹಾಗೆಂದು ಈ ಸೀಮೆಯ ಊಟ ಎಲ್ಲೂ ಸಿಗದೆಂದಲ್ಲ. ಅದು ಹಸಿವಾದಾಗ ಹುಡುಕಿದರೆ ಸಿಗುವುದಿಲ್ಲ, ಬೆಳಿಗ್ಗೆಯೇ ಹೇಳಿಟ್ಟರೆ ಸಿಗುತ್ತದೆ. ಈ ಮೂರು ತಾಲ್ಲೂಕುಗಳಲ್ಲಿ ರಾತ್ರಿಯೂಟಕ್ಕೆ ಇರುವ ದಾರಿಗಳು, ಎಲೆಗೆ ಬೀಳುವ ಪದಾರ್ಥಗಳು ಮತ್ತು ಊಟದ ರೂಢಿಗಳ ಪರಿಚಯ ಇಲ್ಲಿದೆ.

ಸೀಮೆ ಮತ್ತು ಜನ

ಉತ್ತರ ಕನ್ನಡ ಜಿಲ್ಲೆಯವರು ತಮ್ಮ ಜಿಲ್ಲೆಯನ್ನು ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂದು ಎರಡಾಗಿ ಹೇಳುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಘಟ್ಟದ ಮೇಲಿನವು. ಕಣಿವೆಗಳಲ್ಲಿ ಅಡಿಕೆ ತೋಟ. ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸು, ನಡುವೆ ಏಲಕ್ಕಿ ಮತ್ತು ಬಾಳೆ. ತೋಟದ ಮೇಲ್ಬದಿಗೆ ಸೊಪ್ಪಿನ ಬೆಟ್ಟ, ಬಯಲಿನಲ್ಲಿ ಭತ್ತದ ಗದ್ದೆ. ಈ ಮೂರು ತಾಲ್ಲೂಕುಗಳ ಅಡಿಕೆಗೆ 2019ರಲ್ಲಿ 'ಶಿರಸಿ ಸುಪಾರಿ' ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅಡುಗೆಗೆ ಬೇಕಾದ ತೆಂಗಿನಕಾಯಿ, ಸೊಪ್ಪು, ಹುಳಿ, ಮೆಣಸು ಎಲ್ಲ ತೋಟ–ಬೆಟ್ಟಗಳಲ್ಲೇ ಸಿಗುವುದರಿಂದ ಇಲ್ಲಿಯ ಅಡುಗೆ ಅಂಗಡಿಯನ್ನು ಹೆಚ್ಚು ನೆಚ್ಚಿಕೊಂಡದ್ದಲ್ಲ.

ತೋಟಿಗರಲ್ಲಿ ಹವ್ಯಕರು ಹೆಚ್ಚು. ಹೊರಗಿನವರು 'ಶಿರಸಿ ಕಡೆ ಊಟ' ಎನ್ನುವುದು ಸಾಮಾನ್ಯವಾಗಿ ಅವರ ಸಸ್ಯಾಹಾರದ ಊಟವನ್ನೇ. ಆದರೆ ಸೀಮೆಯ ಊಟ ಅಷ್ಟಕ್ಕೇ ಮುಗಿಯುವುದಿಲ್ಲ. ಸಿದ್ದಾಪುರ, ಶಿರಸಿಯ ಹಳ್ಳಿಗಳಲ್ಲಿ ದೀವರದು ಅಕ್ಕಿ ರೊಟ್ಟಿ ಮತ್ತು ಮೀನುಸಾರಿನ ಅಡುಗೆ. ಯಲ್ಲಾಪುರದ ಕಾಡಂಚಿನಲ್ಲಿ ಸಿದ್ದಿಯರು, ಕುಣಬಿಯರು, ಎಮ್ಮೆ ಸಾಕಿ ಹಾಲು ಮಾರುವ ಗೌಳಿಗರು ಇದ್ದಾರೆ. ಆಫ್ರಿಕಾ ಮೂಲದ ಸಿದ್ದಿಯರನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಶಿರಸಿ ಪೇಟೆಯಲ್ಲಿ ಕೊಂಕಣಿ ಮಾತನಾಡುವವರೂ ಮುಸ್ಲಿಮರೂ ಬಹು ಹಿಂದಿನಿಂದ ವ್ಯಾಪಾರದಲ್ಲಿದ್ದಾರೆ. ಹುಬ್ಬಳ್ಳಿ, ಹಾವೇರಿಯ ಬಯಲುಸೀಮೆ ಹತ್ತಿರವಾದ್ದರಿಂದ ಜೋಳದ ರೊಟ್ಟಿಯೂ ಇಲ್ಲಿ ಪರಕೀಯವಲ್ಲ.

ರಾತ್ರಿಯೂಟದ ರೂಢಿ

ಹೋಟೆಲಿನಲ್ಲಿ ಮಲೆನಾಡಿನ ಅಡುಗೆ ರಾತ್ರಿ ಏಕೆ ಸಿಗುವುದಿಲ್ಲ ಎಂಬುದಕ್ಕೆ ಉತ್ತರ ಮನೆಗಳ ರೂಢಿಯಲ್ಲಿದೆ. ಇಲ್ಲಿ ದೊಡ್ಡ ಊಟ ಮಧ್ಯಾಹ್ನದ್ದು. ಪೂಜೆ, ನೈವೇದ್ಯ, ನೆಂಟರಿಷ್ಟರು, ಆಳುಕಾಳುಗಳ ಊಟ ಎಲ್ಲವೂ ಆಗಲೇ. ರಾತ್ರಿಗೆ ಅನ್ನ, ಒಂದು ಸಾರೋ ತಂಬುಳಿಯೋ, ಸುಟ್ಟ ಅಥವಾ ಕರಿದ ಹಪ್ಪಳ, ಉಪ್ಪಿನಕಾಯಿ, ಮಜ್ಜಿಗೆ ಇದ್ದರೆ ಆಯಿತು. ಏಕಾದಶಿಯಂದು, ಕೆಲವು ಮನೆಗಳಲ್ಲಿ ಶನಿವಾರವೂ, ಒಪ್ಪತ್ತು ಇರುವವರುಂಟು. ಆ ರಾತ್ರಿ ಅನ್ನದ ಬದಲು ತೆಳ್ಳೇವು ಎಂಬ ತೆಳ್ಳಗಿನ ದೋಸೆಯೋ ಅವಲಕ್ಕಿಯೋ ಫಲಾಹಾರವಾಗುತ್ತದೆ. ಊರವರು ಮಲೆನಾಡಿನ ಊಟವನ್ನು ಮನೆಯಲ್ಲೇ ಉಣ್ಣುವುದರಿಂದ ಹೋಟೆಲಿಗೆ ಬಂದಾಗ ಕೇಳುವುದು ಮನೆಯಲ್ಲಿ ಮಾಡದ ತಿಂಡಿಯನ್ನು. ಹೋಟೆಲಿನವರು ಅದನ್ನೇ ಮಾಡುತ್ತಾರೆ.

ಹೊತ್ತಿನ ಲೆಕ್ಕವೂ ಬೇರೆ. ಹಳ್ಳಿಗಳಲ್ಲಿ ಎಂಟು, ಎಂಟೂವರೆಗೆಲ್ಲ ಊಟ ಮುಗಿದಿರುತ್ತದೆ. ಪೇಟೆಯ ಸಣ್ಣ ಹೋಟೆಲುಗಳು ಬಾಗಿಲು ಹಾಕುವುದೂ ಬೇಗ. ಮಳೆಗಾಲದಲ್ಲಿ ಇನ್ನೂ ಬೇಗ.

ಎಲೆಯ ಮೇಲೆ ಏನೇನು?

ತಂಬುಳಿ ಇಲ್ಲಿಯ ಊಟದ ಮೊದಲ ಪದಾರ್ಥ. ಸೊಪ್ಪನ್ನೋ ಚಿಗುರನ್ನೋ ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಬೆರೆಸಿದ ಮೇಲೆ ಕುದಿಸುವುದಿಲ್ಲ. ಒಂದೆಲಗ, ಸಾಂಬಾರ ಸೊಪ್ಪು, ಶುಂಠಿ, ಮೆಂತೆ, ಹಲವು ಗಿಡಗಳ ಚಿಗುರು ಸೇರಿಸಿದ ಕನ್ನೆಕುಡಿ, ಒಣಗಿಸಿಟ್ಟ ಕೊಡಸನ ಹೂವು, ಹೀಗೆ ಪಟ್ಟಿ ಉದ್ದಕ್ಕೆ ಬೆಳೆಯುತ್ತದೆ. ಬಿಸಿ ಅನ್ನಕ್ಕೆ ತಣ್ಣನೆಯ ತಂಬುಳಿ ಕಲಸಿ ಉಣ್ಣುವುದು ಕ್ರಮ.

ಅಪ್ಪೆಹುಳಿ ಕುಡಿಯುವ ಪದಾರ್ಥ. ಹುಳಿ ಮಾವಿನಕಾಯನ್ನು ಬೇಯಿಸಿ ಕಿವುಚಿ, ನೀರು, ಉಪ್ಪು ಹಾಕಿ, ಸೂಜಿಮೆಣಸೋ ಹಸಿಮೆಣಸೋ ನುರಿದು, ಇಂಗು–ಸಾಸಿವೆಯ ಒಗ್ಗರಣೆ ಕೊಡುತ್ತಾರೆ. ಹೊಳೆದಂಡೆಯ ಕಾಡುಮಾವಿನ ಮರಗಳ ಅಪ್ಪೆಮಿಡಿ ಇದಕ್ಕೆ ಶ್ರೇಷ್ಠ, ಉಪ್ಪಿನಕಾಯಿಗೂ ಅದೇ. ಮಲೆನಾಡಿನ ಅಪ್ಪೆಮಿಡಿಗೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅಪ್ಪೆಹುಳಿ ಕುಡಿದರೆ ಒಳ್ಳೆಯ ನಿದ್ದೆ ಬರುತ್ತದೆ ಎನ್ನುವುದು ಇಲ್ಲಿಯ ಎಲ್ಲರ ಮಾತು. ರಾತ್ರಿ ಕಾರು ಓಡಿಸುವವರು ಲೋಟ ಎಣಿಸಿಕೊಂಡು ಕುಡಿಯುವುದು ಒಳ್ಳೆಯದು.

ಉಳಿದಂತೆ ಸಾಸಿವೆ ರುಬ್ಬಿ ಮಾಡುವ ಮಾವಿನಹಣ್ಣಿನ ಅಥವಾ ಅನಾನಸಿನ ಸಾಸಿವೆ, ಮೊಸರಿಗೆ ಸೌತೆಕಾಯಿ, ಬಾಳೆದಿಂಡು ಸೇರಿಸಿದ ಹಶಿ, ಮೊಗೆಕಾಯಿಯ ಹುಳಿ, ಕೆಸುವಿನ ಸೊಪ್ಪಿನ ಖಾರದ ಕರಕಲಿ. ಬೇಸಿಗೆಯಲ್ಲಿ ಬೆಳೆದ ಮೊಗೆಕಾಯಿಗೆ ಬಾಳೆನಾರು ಕಟ್ಟಿ ಅಟ್ಟದ ಕೆಳಗೆ ಸಾಲಾಗಿ ತೂಗುಹಾಕಿದರೆ ಮಳೆಗಾಲ ಪೂರ್ತಿ ಅಡುಗೆಗೆ ಆಗುತ್ತದೆ. ಸಿಹಿಗೆ ತೊಡೆದೇವು, ಹಾಲುಬಾಯಿ, ಸುಕ್ಕಿನುಂಡೆ, ಅತಿರಸ. ತೆಳ್ಳೇವು ಬಟ್ಟೆಯಷ್ಟು ತೆಳ್ಳಗಿನ ದೋಸೆ; ಅದಕ್ಕೆ ಜೋನಿಬೆಲ್ಲ ಮತ್ತು ತುಪ್ಪ. ಊಟ ಮಜ್ಜಿಗೆ ಅನ್ನದಲ್ಲಿ ಮುಗಿದು, ಜಗಲಿಯಲ್ಲಿ ಕವಳದ (ಎಲೆಯಡಿಕೆಯ) ಬಟ್ಟಲಿನ ಸುತ್ತ ಮಾತು ಶುರುವಾಗುತ್ತದೆ.

ಶಿರಸಿ: ಪೇಟೆಯ ಊಟ

ಮೂರು ಊರುಗಳಲ್ಲಿ ರಾತ್ರಿ ಹೆಚ್ಚು ಹೊತ್ತು ಎಚ್ಚರವಾಗಿರುವುದು ಶಿರಸಿ. ಹಳೆ ಬಸ್ ನಿಲ್ದಾಣ, ದೇವಿಕೆರೆ, ಐದು ರಸ್ತೆ, ಸಿ.ಪಿ. ಬಜಾರ್, ಹುಬ್ಬಳ್ಳಿ ರಸ್ತೆ, ಯಲ್ಲಾಪುರ ನಾಕೆಯ ಸುತ್ತಮುತ್ತ ಹೋಟೆಲುಗಳಿವೆ. ಇವನ್ನು ನಾಲ್ಕು ಬಗೆಯಾಗಿ ನೋಡಬಹುದು.

ಮೊದಲನೆಯದು ತಿಂಡಿಯ ಹೋಟೆಲು. ಬನ್ಸ್, ಮಿಸಳ್ ಬಾಜಿ, ಅವಲಕ್ಕಿ–ಮೊಸರು, ಮಸಾಲೆ ದೋಸೆ ಇವುಗಳ ವಿಶೇಷ. ಕಾಫಿ, ಚಹಾದ ಜೊತೆ ಕಷಾಯವೂ ಸಿಗುತ್ತದೆ. ಸಂಜೆ ಏಳರೊಳಗೆ ಹೋದರೆ ಬಿಸಿಯಾಗಿ ಸಿಗುತ್ತದೆ. ಬಸ್ಸಿಗೆ ಹೊರಡುವವರಿಗೆ ಇದೇ ರಾತ್ರಿಯೂಟ. ಎರಡನೆಯದು ಲಾಡ್ಜಿಗೆ ಹೊಂದಿಕೊಂಡ ದೊಡ್ಡ ಸಸ್ಯಾಹಾರಿ ಹೋಟೆಲು. ಕುಟುಂಬ ಸಮೇತ ಕೂರಲು ಜಾಗ, ಉತ್ತರ ಭಾರತದ ಪದಾರ್ಥಗಳ ಪಟ್ಟಿ, ತಡರಾತ್ರಿಯ ಅನುಕೂಲ ಇಲ್ಲಿವೆ. ಮೂರನೆಯದು ಬಯಲುಸೀಮೆಯವರ ಖಾನಾವಳಿ: ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಗುರೆಳ್ಳಿನ ಪುಡಿ. ನಾಲ್ಕನೆಯದು ಮೀನು, ಕೋಳಿ, ಬಿರಿಯಾನಿಯ ಹೋಟೆಲು.

ಇವುಗಳಲ್ಲಿ ಮಲೆನಾಡಿನ ಊಟ ಬೇಕೆಂದರೆ ಎರಡನೆಯ ಬಗೆಯ ಹೋಟೆಲಿನಲ್ಲಿ ಮಧ್ಯಾಹ್ನದ ಊಟಕ್ಕೆ ಹೋಗುವುದು ಮೇಲು. ತಂಬುಳಿ, ಸಾಸಿವೆ ಇಟ್ಟರೆ ಆಗಲೇ. ಪೇಟೆಯಲ್ಲೇ ಉಳಿಯುವವರು ಮಧ್ಯಾಹ್ನ ಎಲೆಯೂಟ, ರಾತ್ರಿ ತಿಂಡಿ ಎಂದು ಇಟ್ಟುಕೊಂಡರೆ ಊರವರ ಕ್ರಮಕ್ಕೂ ಹೊಂದುತ್ತದೆ, ಹೊಟ್ಟೆಗೂ ಹಗುರ. ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದ ಬನವಾಸಿಗೆ ಸಂಜೆ ಹೋದವರು ಊಟಕ್ಕೆ ಶಿರಸಿಗೇ ಮರಳುವುದು ವಾಸಿ. ಬನವಾಸಿಯ ಅನಾನಸು ಮಾತ್ರ ಬಿಡಬೇಡಿ.

ಸಿದ್ದಾಪುರ: ಹಗಲೇ ಕೇಳಿಟ್ಟುಕೊಳ್ಳಿ

ಸಿದ್ದಾಪುರ ಸಣ್ಣ ಪೇಟೆ. ಬಸ್ ನಿಲ್ದಾಣದ ಸುತ್ತಲಿನ ಹೋಟೆಲುಗಳಲ್ಲಿ ಹಗಲು ತಿಂಡಿ–ಊಟ ಚೆನ್ನಾಗಿಯೇ ಸಿಗುತ್ತದೆ. ರಾತ್ರಿಗೆ ಆಯ್ಕೆ ಕಡಿಮೆ. ಉಂಚಳ್ಳಿ ಜಲಪಾತ, ಬುರುಡೆ ಜಲಪಾತ, ಭುವನಗಿರಿಯ ಭುವನೇಶ್ವರಿ ದೇವಸ್ಥಾನ, ಬಿಳಗಿಯ ರತ್ನತ್ರಯ ಬಸದಿ ನೋಡಲು ಬರುವವರು ಸಂಜೆಯ ಹೊತ್ತಿಗೆ ಮೂರು ದಾರಿಗಳಲ್ಲಿ ಒಂದನ್ನು ಹಿಡಿಯಬೇಕು. ಹಳ್ಳಿಯ ಹೋಂ ಸ್ಟೇಯಲ್ಲಿ ಮೊದಲೇ ಊಟ ಹೇಳಿಡುವುದು ಒಂದು. ಸುಮಾರು 20 ಕಿ.ಮೀ. ದೂರದ ಜೋಗಕ್ಕೆ ಹೋಗುವುದು ಇನ್ನೊಂದು. ಅಲ್ಲಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲಿದೆ. ಶಿರಸಿಗೆ ಮರಳುವುದು ಮೂರನೆಯದು.

ಬೆಂಗಳೂರು, ಮೈಸೂರಿನ ಕಡೆಗೆ ತಾಳಗುಪ್ಪದಿಂದ ರಾತ್ರಿ ರೈಲು ಹಿಡಿಯುವವರು ಸಿದ್ದಾಪುರದಲ್ಲೇ ಊಟ ಮುಗಿಸುವುದು ಅಥವಾ ಕಟ್ಟಿಸಿಕೊಳ್ಳುವುದು ಸರಿ. ತಾಳಗುಪ್ಪ ಚಿಕ್ಕ ನಿಲ್ದಾಣ. ಅಲ್ಲಿ ಹೋಗಿ ಊಟ ಹುಡುಕುವ ಯೋಚನೆ ಬೇಡ.

ಯಲ್ಲಾಪುರ: ಹೆದ್ದಾರಿಯ ನಿಲುಗಡೆ

ಅಂಕೋಲಾ–ಹುಬ್ಬಳ್ಳಿ ಹೆದ್ದಾರಿ ಯಲ್ಲಾಪುರದ ಮೂಲಕವೇ ಹೋಗುತ್ತದೆ. ಕಾರವಾರ, ಮಂಗಳೂರಿನ ಕಡೆಯಿಂದ ಹುಬ್ಬಳ್ಳಿಗೆ ಹೋಗುವ ಲಾರಿ, ಬಸ್ಸುಗಳು ಘಟ್ಟ ಹತ್ತಿ ಸುಧಾರಿಸಿಕೊಳ್ಳುವ ಜಾಗ ಇದು. ಹಾಗಾಗಿ ಊರು ಶಿರಸಿಗಿಂತ ಚಿಕ್ಕದಾದರೂ ರಾತ್ರಿ ಊಟಕ್ಕೆ ತೊಂದರೆ ಕಡಿಮೆ. ಹೆದ್ದಾರಿಯ ಬದಿಗೆ ಢಾಬಾಗಳಿವೆ. ರೊಟ್ಟಿ, ದಾಲ್, ಆಮ್ಲೆಟ್, ಕೋಳಿ ಸಾರು ಸಿಗುತ್ತವೆ. ಪೇಟೆಯೊಳಗೆ ಸಸ್ಯಾಹಾರಿ ಹೋಟೆಲು, ಖಾನಾವಳಿಗಳಿವೆ. ಢಾಬಾ ಆರಿಸುವಾಗ ಬೋರ್ಡು ನೋಡುವುದಕ್ಕಿಂತ ಎದುರು ನಿಂತ ಲಾರಿಗಳನ್ನು ನೋಡುವುದು ಹಳೆಯ ಉಪಾಯ. ಮಂದಿ ಹೆಚ್ಚಾದಲ್ಲಿ ಪದಾರ್ಥ ಹಳಸುವಷ್ಟು ಹೊತ್ತು ಉಳಿಯುವುದಿಲ್ಲ.

ಮಾಗೋಡು, ಸಾತೊಡ್ಡಿ ಜಲಪಾತಗಳು, ಜೇನುಕಲ್ಲು ಗುಡ್ಡದ ಸೂರ್ಯಾಸ್ತ ನೋಡಲು ಹೋದವರು ಕತ್ತಲಲ್ಲಿ ಕಾಡಿನ ದಾರಿಯಲ್ಲಿ ವಾಪಸ್ ಬರಬೇಕು. ಆ ದಾರಿಗಳಲ್ಲಿ ರಾತ್ರಿ ಊಟ ಸಿಗುವುದಿಲ್ಲ, ಹಲವೆಡೆ ಮೊಬೈಲ್ ಸಿಗ್ನಲ್ಲೂ ಸಿಗುವುದಿಲ್ಲ. ಊಟಕ್ಕೆ ಎಲ್ಲಿ ನಿಲ್ಲುವುದೆಂದು ಪೇಟೆ ಬಿಡುವಾಗಲೇ ತೀರ್ಮಾನಿಸಿಕೊಳ್ಳಬೇಕು.

ತೋಟದ ಮನೆಯ ಊಟ

ಈ ಸೀಮೆಯ ಅತ್ಯುತ್ತಮ ರಾತ್ರಿಯೂಟ ಸಿಗುವುದು ಹೋಂ ಸ್ಟೇಗಳಲ್ಲಿ. ಅಡಿಕೆ ತೋಟದ ಅಂಚಿನ ಹಳೆಯ ಮನೆ, ಮನೆಯವರೇ ಮಾಡಿದ ಅಡುಗೆ, ಬಾಳೆ ಎಲೆ. ಹೋದ ಕೂಡಲೇ "ಆಸರಿಗೆ ಎಂತ ಬೇಕು?" ಎಂದು ಕೇಳುತ್ತಾರೆ. ಊಟಕ್ಕೆ ಮೊದಲು ಬಾಯಾರಿಕೆಗೆ ಕೊಡುವ ಮಜ್ಜಿಗೆ, ಬೆಲ್ಲ–ನೀರು, ಮುರುಗಲು (ಕೋಕಂ) ಪಾನಕ, ಚಹಾ ಎಲ್ಲವೂ ಆಸರಿಯೇ.

ಇಟಲಿಯ ಕರಾವಳಿಯ ಊರುಗಳಿಗೆ ಹೋಗುವವರೂ ಒಳ್ಳೆಯ ರಾತ್ರಿಯೂಟಕ್ಕಾಗಿ ಸಮುದ್ರದಂಡೆಯ ಹೋಟೆಲುಗಳನ್ನು ಬಿಟ್ಟು ಒಳನಾಡಿನ ದ್ರಾಕ್ಷಿ, ಆಲಿವ್ ತೋಟದ ಮನೆಗಳಿಗೆ ಹೋಗುವುದುಂಟು. ಅಲ್ಲಿ ಇದಕ್ಕೆ 'ಅಗ್ರಿತುರಿಸ್ಮೊ' ಎಂಬ ಹೆಸರಿದೆ. 1985ರಲ್ಲಿ ಇಟಲಿ ಇದಕ್ಕೆಂದೇ ಕಾನೂನು ಮಾಡಿ, ರೈತರು ತಮ್ಮ ಜಮೀನಿನ ಮನೆಯಲ್ಲಿ ಅತಿಥಿಗಳನ್ನು ಇರಿಸಿಕೊಂಡು ತಮ್ಮ ಬೆಳೆಯ ಅಡುಗೆ ಬಡಿಸಲು ಅವಕಾಶ ಕೊಟ್ಟಿತು. ಬೇಸಾಯವೇ ಮುಖ್ಯ ಕಸುಬಾಗಿರಬೇಕು, ಆತಿಥ್ಯ ಉಪಕಸುಬಾಗಿರಬೇಕು ಎನ್ನುವುದು ಆ ಕಾನೂನಿನ ತಿರುಳು. ನಮ್ಮಲ್ಲಿ ಹೋಂ ಸ್ಟೇಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳುತ್ತವೆ. ತೋಟಿಗರೇ ನಡೆಸುವ ಮನೆ ಯಾವುದು, ತೋಟದ ನಡುವೆ ಕಟ್ಟಿದ ರೆಸಾರ್ಟ್ ಯಾವುದು ಎಂಬುದನ್ನು ಅತಿಥಿಯೇ ವಿಚಾರಿಸಿಕೊಳ್ಳಬೇಕು. ಊಟದ ರುಚಿ ನಿಂತಿರುವುದು ಆ ವ್ಯತ್ಯಾಸದ ಮೇಲೆಯೇ.

ಹೋಂ ಸ್ಟೇಗೆ ಫೋನ್ ಮಾಡುವಾಗ ಕೇಳಬೇಕಾದವು: ಬಾಡಿಗೆಯಲ್ಲಿ ರಾತ್ರಿಯೂಟ ಸೇರಿದೆಯೇ? ಉಳಿಯದೆ ಊಟಕ್ಕೆ ಮಾತ್ರ ಬರಬಹುದೇ? ಎಷ್ಟು ಗಂಟೆಯೊಳಗೆ ತಲುಪಬೇಕು? ಮಕ್ಕಳಿಗೆ ಖಾರ ಕಡಿಮೆ ಮಾಡಿಸಬಹುದೇ? ಹವ್ಯಕರ ಮನೆಗಳಲ್ಲಿ ಸಸ್ಯಾಹಾರ ಮಾತ್ರ. ಮದ್ಯಕ್ಕೆ ಅನೇಕ ಕಡೆ ಅವಕಾಶವಿಲ್ಲ. ಎಷ್ಟು ಜನ ಎಂದು ನಿಖರವಾಗಿ ಹೇಳಿ. ತೆಂಗಿನಕಾಯಿ ತುರಿಯುವುದು, ಸೊಪ್ಪು ಕೊಯ್ದು ತರುವುದು ಎಲ್ಲ ನಿಮ್ಮ ಲೆಕ್ಕದ ಮೇಲೆ ನಡೆಯುತ್ತದೆ.

ಮಠ, ದೇವಸ್ಥಾನಗಳ ಪ್ರಸಾದ

ಶಿರಸಿ ತಾಲ್ಲೂಕಿನ ಸೋಂದಾ ಸೀಮೆಯಲ್ಲಿ ವಾದಿರಾಜ ಮಠ, ಸ್ವರ್ಣವಲ್ಲೀ ಮಠ, ಸ್ವಾದಿ ಜೈನ ಮಠಗಳಿವೆ. ದ್ವೈತ, ಅದ್ವೈತ, ಜೈನ ಮೂರೂ ಪರಂಪರೆ ಒಂದೇ ಊರ ಆಸುಪಾಸಿನಲ್ಲಿ ನೆಲೆಸಿವೆ. ಮಂಜುಗುಣಿಯಲ್ಲಿ ವೆಂಕಟರಮಣ ದೇವಸ್ಥಾನವಿದೆ. ಮಠ–ದೇವಸ್ಥಾನಗಳಲ್ಲೂ ದೊಡ್ಡ ಊಟ ಮಧ್ಯಾಹ್ನದ್ದೇ. ರಾತ್ರಿ ಪ್ರಸಾದವಿದೆಯೇ ಎಂದು ಕಚೇರಿಯಲ್ಲಿ ಮೊದಲೇ ಕೇಳಬೇಕು. ಏಕಾದಶಿಯಂದು ಮಾಧ್ವ ಮಠಗಳಲ್ಲಿ ಅನ್ನದ ಊಟವಿರುವುದಿಲ್ಲ. ಮಾಧ್ವ ಯತಿ ವಾದಿರಾಜರ ಹೆಸರಿನೊಡನೆ ಸೇರಿಬಂದ ಸಿಹಿ ಹಯಗ್ರೀವ: ಕಡಲೆಬೇಳೆ, ಬೆಲ್ಲ, ಕಾಯಿ, ತುಪ್ಪದ್ದು. ವಾದಿರಾಜರು ತಲೆಯ ಮೇಲೆ ಹರಿವಾಣವಿಟ್ಟು ಅರ್ಪಿಸಿದ ಈ ನೈವೇದ್ಯವನ್ನು ಹಯಗ್ರೀವ ದೇವರು ಕುದುರೆಯ ರೂಪದಲ್ಲಿ ಬಂದು ತಿನ್ನುತ್ತಿದ್ದನೆಂಬ ಐತಿಹ್ಯವಿದೆ.

ಮೀನು, ಕೋಳಿ ಬೇಕಾದವರಿಗೆ

ಕುಮಟೆಯಿಂದ ಶಿರಸಿಗೆ ಸುಮಾರು 60 ಕಿ.ಮೀ. ಕರಾವಳಿಯ ಬಂಗುಡೆ, ತಾರ್ಲೆ, ಇಸೋಣ, ಸಿಗಡಿ ಘಟ್ಟ ಹತ್ತಿ ಶಿರಸಿ, ಯಲ್ಲಾಪುರದ ಪೇಟೆಗೆ ಬರುತ್ತವೆ. ಪೇಟೆಯ ಮೀನೂಟದ ಹೋಟೆಲುಗಳಲ್ಲಿ ಅನ್ನ, ಮೀನುಸಾರು, ಹುರಿದ ಮೀನು ಸಿಗುತ್ತವೆ. ಮಧ್ಯಾಹ್ನದ ಮೀನು ರಾತ್ರಿಗೆ ಮುಗಿದಿರುವುದೂ ಉಂಟು, ಕೇಳಿ ಕುಳಿತುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಮೀನು ಕಡಿಮೆ, ಬೆಲೆ ಹೆಚ್ಚು. ಮನೆಗಳಲ್ಲಿ ಒಣಮೀನು, ಹೊಳೆಮೀನಿನ ಕಾಲ ಅದು. ಸಮುದ್ರದ ಮೀನೇ ಬೇಕೆನ್ನುವವರು ಆ ಎರಡು ತಿಂಗಳು ಬಿಟ್ಟು ಬರುವುದು ಮೇಲು.

ಜಾತ್ರೆ, ಆಟದ ರಾತ್ರಿಗಳು

ಶಿರಸಿ ರಾತ್ರಿಯಿಡೀ ಉಣ್ಣುವ ದಿನಗಳೂ ಇವೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. 2022ರಲ್ಲೂ 2024ರಲ್ಲೂ ಮಾರ್ಚಿಯಲ್ಲಿ ನಡೆಯಿತು. ದೇವಿ ಬಿಡಕಿಬೈಲಿನ ಗದ್ದುಗೆಯಲ್ಲಿ ಕುಳಿತಿರುವಷ್ಟು ದಿನ ಮಿರ್ಚಿ ಭಜಿ, ಗಿರ್ಮಿಟ್, ಕಬ್ಬಿನ ಹಾಲು, ಐಸ್ ಕ್ರೀಮಿನ ಅಂಗಡಿಗಳು ತಡರಾತ್ರಿಯವರೆಗೂ ತೆರೆದಿರುತ್ತವೆ. ಜಾತ್ರೆಯಿಲ್ಲದ ವರ್ಷ ಹೋಳಿಯ ಹೊತ್ತಿಗೆ ಬೇಡರ ವೇಷದ ಕುಣಿತ, ಅದೂ ರಾತ್ರಿಯದೇ. ಮಳೆಗಾಲ ಮುಗಿದ ಮೇಲೆ ಹಳ್ಳಿಗಳಲ್ಲಿ ಯಕ್ಷಗಾನದ ಆಟಗಳಿರುತ್ತವೆ. ಆಟದ ಬಯಲಿನ ಪಕ್ಕದ ಚಹಾದಂಗಡಿಯ ಬಿಸಿ ಭಜೆಯೇ ನಡುರಾತ್ರಿಯ ಊಟ. ಜಾತ್ರೆಯ ದಿನಗಳಲ್ಲಿ ಲಾಡ್ಜುಗಳು ತುಂಬಿರುತ್ತವೆ, ಹೋಟೆಲುಗಳಲ್ಲಿ ಕಾಯಬೇಕಾಗುತ್ತದೆ.

ಯಾವ ಕಾಲದಲ್ಲಿ ಏನು?

ಜನವರಿಯಿಂದ ಮಾರ್ಚಿ: ಆಲೆಮನೆಯ ಕಾಲ. ಕಬ್ಬಿನ ಹಾಲು, ಬಿಸಿ ಜೋನಿಬೆಲ್ಲ, ತೊಡೆದೇವು. ಮಡಕೆಯನ್ನು ಒಲೆಯ ಮೇಲೆ ಬೋರಲು ಹಾಕಿ, ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಅದರ ಮೇಲೆ ಎಳೆದು, ಹಾಳೆಯಾಗಿ ಎದ್ದದ್ದನ್ನು ಮಡಚಿ ತೆಗೆಯುತ್ತಾರೆ. ಹಾಲು, ತುಪ್ಪ ಹಾಕಿಕೊಂಡು ತಿನ್ನುವುದು.

ಏಪ್ರಿಲ್, ಮೇ: ಮಾವು, ಹಲಸಿನಕಾಯಿ. ಅಪ್ಪೆಹುಳಿ, ಹಲಸಿನಕಾಯಿ ಪಲ್ಯ, ಹುಳಿ. ಅಂಗಳದಲ್ಲಿ ಹಪ್ಪಳ ಒಣಗುವ ಕಾಲ.

ಜೂನ್‌ನಿಂದ ಸೆಪ್ಟೆಂಬರ್: ಹಲಸಿನಹಣ್ಣಿನ ಕಡಬು, ಕೆಸುವಿನ ಕರಕಲಿ, ಪತ್ರೊಡೆ, ಕಳಲೆ, ಬಿಸಿಬಿಸಿ ಸಾರು, ಹಲಸಿನ ಹಪ್ಪಳ. ಅಡುಗೆಗೆ ಇದು ಶ್ರೇಷ್ಠ ಕಾಲ, ಪ್ರಯಾಣಕ್ಕೆ ಕಷ್ಟದ ಕಾಲ. ಮಳೆಯಲ್ಲಿ ಘಟ್ಟದ ರಸ್ತೆಗಳಲ್ಲಿ ಮಣ್ಣು ಕುಸಿಯುವುದುಂಟು. ಊಟಕ್ಕೆಂದು ರಾತ್ರಿ ಘಟ್ಟ ಇಳಿದು ಹತ್ತುವ ಸಾಹಸ ಬೇಡ.

ಅಕ್ಟೋಬರ್‌ನಿಂದ ಡಿಸೆಂಬರ್: ಹಬ್ಬದ ಸಿಹಿ, ತೋಟದಲ್ಲಿ ಅಡಿಕೆ ಕೊಯ್ಲು. ಕೊಯ್ಲಿನ ದಿನಗಳಲ್ಲಿ ತೋಟದ ಮನೆಯವರಿಗೆ ಬಿಡುವು ಕಡಿಮೆ, ಇನ್ನೂ ಮುಂಚಿತವಾಗಿ ತಿಳಿಸಿ.

ಕಟ್ಟಿಕೊಂಡು ಹೋಗಲು

ಅಡಿಕೆ ಬೆಳೆಗಾರರು 1923ರಲ್ಲಿ ಕಟ್ಟಿದ ಸಹಕಾರ ಸಂಘ ಟಿ.ಎಸ್.ಎಸ್.ನ ಶಿರಸಿಯ ಸೂಪರ್ ಮಾರ್ಕೆಟ್, ಕದಂಬ ಮಾರ್ಕೆಟಿಂಗ್ ಸಹಕಾರಿ ಹಾಗೂ ಪೇಟೆಯ ಅಂಗಡಿಗಳಲ್ಲಿ ತೊಡೆದೇವು, ಜೋನಿಬೆಲ್ಲ, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಕೋಕಂ, ಕಾಳುಮೆಣಸಿನಂಥವು ಸಿಗುತ್ತವೆ. ಸಂಜೆಯೊಳಗೆ ಕೊಂಡುಕೊಳ್ಳಿ. ತೊಡೆದೇವು ಬಹಳ ದಿನ ಕೆಡದು. ಆದರೆ ಒತ್ತಿದರೆ ಪುಡಿಯಾಗುತ್ತದೆ, ಚೀಲದ ಮೇಲ್ಭಾಗದಲ್ಲಿಡಿ.

ಹೊರಡುವ ಮುನ್ನ

ಬೆಳಿಗ್ಗೆ ತಿಂಡಿಯ ಹೊತ್ತಿಗೇ ರಾತ್ರಿಯೂಟ ಎಲ್ಲೆಂದು ನಿಶ್ಚಯಿಸಿ ಫೋನ್ ಮಾಡಿ. ಹೇಳಿದ ಹೊತ್ತಿಗಿಂತ ತಡವಾಗುವುದಾದರೆ ಸಿಗ್ನಲ್ ಇರುವಲ್ಲೇ ತಿಳಿಸಿಬಿಡಿ. ಹಳ್ಳಿಗಳಲ್ಲಿ ಆನ್‌ಲೈನ್ ಪಾವತಿಗೆ ನೆಟ್‌ವರ್ಕ್ ಕೈಕೊಡಬಹುದು, ಸ್ವಲ್ಪ ನಗದು ಇರಲಿ. ಎಲೆಯ ಮೇಲೆ ಬೇಡವಾದದ್ದನ್ನು ಬಡಿಸುವ ಮೊದಲೇ ಬೇಡವೆನ್ನಿ. ಬಡಿಸಿದ ಮೇಲೆ ಬಿಡಬೇಡಿ. ಬರಲಾಗದಿದ್ದರೆ ಮಧ್ಯಾಹ್ನದೊಳಗೆ ಹೇಳುವುದು ಕನಿಷ್ಠ ಸೌಜನ್ಯ. ಹೇಳಿ ಬಾರದ ಅತಿಥಿಯ ಅಡುಗೆ ಕೊಟ್ಟಿಗೆಯ ದನಕ್ಕೆ ಹೋಗುತ್ತದೆ, ಮುಂದಿನ ಅತಿಥಿಯ ಮೇಲಿನ ನಂಬಿಕೆಯೂ ಅದರ ಜೊತೆಗೇ ಹೋಗುತ್ತದೆ.